ಐಐಎಂ ಅರ್ಜಿ: ಹಾಸನ, ಚಿಕ್ಕಮಗಳೂರಿನಿಂದ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ಕೇಂದ್ರದ ಮ್ಯಾನೇಜ್‌ಮೆಂಟ್ ಸಂಸ್ಥೆಗಳಾದ ಐಐಎಂಗಳಲ್ಲಿ ಎಂಬಿಎಗೆ ಸೇರಲು ಬರೆಯುವ ಪ್ರವೇಶ ಪರೀಕ್ಷೆ ಕ್ಯಾಟ್. ಅದರ ಅರ್ಜಿ ತೆರೆಯುವುದು ಆಗಸ್ಟ್ ಮೊದಲ ದಿನಗಳಲ್ಲಿ, ಮುಚ್ಚುವುದು ಸೆಪ್ಟೆಂಬರ್ ಮಧ್ಯದ ಹೊತ್ತಿಗೆ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಅದು ಆಶ್ಲೇಷ, ಮಘೆ ಮಳೆ ಹಿಡಿದಿರುವ ಕಾಲ. ಮರ ಬಿದ್ದು ಕರೆಂಟ್ ಹೋದರೆ ಸ್ವಲ್ಪ ಹೊತ್ತಿನಲ್ಲೇ ಟವರ್ ಕೂಡ ಹೋಗಿರುತ್ತದೆ. ಕೊನೆಯ ದಿನ ರಾತ್ರಿ ಮೊಬೈಲ್‌ನಲ್ಲಿ ತುಂಬಿದರಾಯಿತು ಎಂದುಕೊಂಡವರ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಗಣಿತಕ್ಕೆ ಒಂದು ವರ್ಷ ಕೊಡುವ ಹುಡುಗರು, ಹುಡುಗಿಯರು ಕಾಗದಪತ್ರಕ್ಕೆ ಒಂದು ವಾರವನ್ನೂ ಕೊಡುವುದಿಲ್ಲ. ಸೀಟು ಮಾತ್ರ ಎರಡರಲ್ಲಿ ಯಾವುದು ಕೆಟ್ಟರೂ ಕೈತಪ್ಪುತ್ತದೆ. ಪರೀಕ್ಷೆಗೆ ಓದುವುದು ಹೇಗೆಂದು ಹೇಳುವವರು ಬೇಕಾದಷ್ಟು ಜನರಿದ್ದಾರೆ. ಹಾಗಾಗಿ ಇಲ್ಲಿ ಕಾಗದ, ಅರ್ಜಿ, ಸಂದರ್ಶನದ ಮಾತು ಹೆಚ್ಚು, ಪರೀಕ್ಷೆಯದು ಕಡಿಮೆ.

ಯಾವ ಬಾಗಿಲು ಯಾರಿಗೆ

ನಮ್ಮ ಕಡೆ ಎಂಬಿಎ ಎಂದರೆ ಮೊದಲು ನೆನಪಾಗುವುದು ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ. ಅದು ರಾಜ್ಯದ ವಿಶ್ವವಿದ್ಯಾಲಯಗಳ ಮತ್ತು ಅವುಗಳಡಿಯ ಕಾಲೇಜುಗಳ ಎಂಬಿಎಗೆ. ಐಐಎಂಗಳಿಗೆ ಅದರ ಅಂಕ ನಡೆಯುವುದಿಲ್ಲ. ಅಲ್ಲಿಗೆ ಕ್ಯಾಟ್ ಬರೆಯಬೇಕು. ಪದವಿಯಲ್ಲಿ ಕನಿಷ್ಠ ಶೇ. 50, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಅಂಗವಿಕಲರಿಗೆ ಶೇ. 45 ಇರಬೇಕು. ಕೊನೆಯ ವರ್ಷದಲ್ಲಿ ಓದುತ್ತಿರುವವರೂ ಬರೆಯಬಹುದು. ಬಿ.ಎಸ್ಸಿ. ಕೃಷಿ, ತೋಟಗಾರಿಕೆ, ಬಿ.ಎ., ಬಿ.ಕಾಂ., ಎಂಜಿನಿಯರಿಂಗ್ ಯಾವುದಾದರೂ ಸರಿ. ಎಂಜಿನಿಯರ್‌ಗಳೇ ತುಂಬಿ ತುಳುಕುವ ಕಡೆ ಬೇರೆ ಪದವಿಯವರಿಗೆ ಒಂದಿಷ್ಟು ಅಂಕ ಜಾಸ್ತಿ ಕೊಡುವ ಐಐಎಂಗಳೂ ಇವೆ. ಕಾರೆಕೆರೆಯ ಕೃಷಿ ಕಾಲೇಜಿನಲ್ಲೋ ಮೂಡಿಗೆರೆಯ ತೋಟಗಾರಿಕೆ ಕಾಲೇಜಿನಲ್ಲೋ ಓದಿದವರು ‘ಇದು ನಮಗಲ್ಲ’ ಎಂದು ಹಿಂದೆ ಸರಿಯುವುದಕ್ಕೆ ಕಾರಣವೇ ಇಲ್ಲ.

ಕ್ಯಾಟ್ ಅಂಕ ಐಐಎಂಗಳಿಗಷ್ಟೇ ಅಲ್ಲ, ದೆಹಲಿಯ ಎಫ್‌ಎಂಎಸ್, ಐಐಟಿಗಳ ಮ್ಯಾನೇಜ್‌ಮೆಂಟ್ ವಿಭಾಗಗಳು, ಗುರುಗ್ರಾಮದ ಎಂಡಿಐ ಇತ್ಯಾದಿಗಳಿಗೂ ನಡೆಯುತ್ತದೆ. ಆದರೆ ಅವುಗಳಿಗೆ ಬೇರೆ ಅರ್ಜಿ, ಬೇರೆ ಶುಲ್ಕ, ಬೇರೆ ಕೊನೆಯ ದಿನ. ಅಂಕ ಚೆನ್ನಾಗಿ ಬಂದ ಮೇಲೆ ಹಾಕಿದರಾಯಿತು ಎಂದು ಕಾದರೆ ಕೆಲವದರ ಬಾಗಿಲು ಫಲಿತಾಂಶಕ್ಕೆ ಮೊದಲೇ ಮುಚ್ಚಿರುತ್ತದೆ. ಎಫ್‌ಎಂಎಸ್ ಶುಲ್ಕ ದೊಡ್ಡ ಐಐಎಂಗಳ ಶುಲ್ಕದ ಮುಂದೆ ಏನೇನೂ ಅಲ್ಲ. ಮನೆಯ ಕಡೆ ಹಣದ ಬಿಗಿ ಇರುವವರು ಅದನ್ನು ಬಿಡಲೇಬಾರದು. ಜಮ್‌ಶೆಡ್‌ಪುರದ ಮ್ಯಾನೇಜ್‌ಮೆಂಟ್ ಶಾಲೆ ಎಕ್ಸ್‌ಎಲ್‌ಆರ್‌ಐಗೆ ಜನವರಿಯ ಮೊದಲ ಭಾನುವಾರ ನಡೆಯುವ ಕ್ಸ್ಯಾಟ್ ಬರೆಯಬೇಕು. ಎರಡು ವರ್ಷ ಅಥವಾ ಹೆಚ್ಚು ಕೆಲಸ ಮಾಡಿದವರು ಹೈದರಾಬಾದಿನ ಐಎಸ್‌ಬಿಯ ಒಂದು ವರ್ಷದ ಕೋರ್ಸಿಗೆ ಜಿಮ್ಯಾಟ್ ಅಥವಾ ಜಿಆರ್‌ಇ ಎಂಬ ಅಂತರರಾಷ್ಟ್ರೀಯ ಪ್ರವೇಶ ಪರೀಕ್ಷೆ ಬರೆದು ಹಾಕಬಹುದು. ಅದರ ಅರ್ಜಿಯ ಬಗೆ ಬೇರೆ, ಮುಂದೆ ಹೇಳುತ್ತೇವೆ.

ಮೇ ತಿಂಗಳಿನಿಂದಲೇ ಶುರುವಾಗುವ ಕಾಗದದ ಕೆಲಸ

ಮೊದಲು ಹೆಸರು. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ದೀಪಾ ಎಚ್ ಎಂ’ ಎಂದಿರುತ್ತದೆ. ಆಧಾರ್‌ನಲ್ಲಿ ‘ದೀಪಾ ಹೊಸಹಳ್ಳಿ ಮಂಜುನಾಥ್’ ಆಗಿರುತ್ತದೆ. ಪ್ಯಾನ್ ಕಾರ್ಡ್ ಇನಿಷಿಯಲ್ ಒಪ್ಪುವುದಿಲ್ಲವಾದ್ದರಿಂದ ಅಲ್ಲಿ ‘ದೀಪಾ ಮಂಜುನಾಥ್’ ಎಂದು ಮೂರನೆಯ ಹೆಸರೊಂದು ಹುಟ್ಟಿರುತ್ತದೆ. ಮೂರೂ ಒಬ್ಬಳೇ ಎಂದು ಊರಿಗೆಲ್ಲ ಗೊತ್ತು, ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ನಿಂತವರಿಗೆ ಗೊತ್ತಿಲ್ಲ. ಅರ್ಜಿಯಲ್ಲಿ ಹಾಕುವ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದಂತೆಯೇ ಇರಲಿ, ಪರೀಕ್ಷೆಗೆ ಒಯ್ಯುವ ಗುರುತಿನ ಚೀಟಿಯನ್ನು ಅದಕ್ಕೆ ಹೊಂದಿಸಿ. ಅಂಕಪಟ್ಟಿ ತಿದ್ದಿಸುವುದು ಶಾಲೆಯಿಂದ ಪರೀಕ್ಷಾ ಮಂಡಳಿಯವರೆಗಿನ ತಿಂಗಳುಗಟ್ಟಲೆಯ ಓಡಾಟ. ಆಧಾರ್ ತಿದ್ದಿಸುವುದು ಹಗುರ. ಆದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ ಇರುವುದರಿಂದ, ಸೇವಾ ಕೇಂದ್ರದವರು ಟೈಪ್ ಮಾಡಿದ್ದನ್ನು ಅಕ್ಷರಕ್ಷರ ಓದಿ ನೋಡಿದ ಮೇಲೆ ಹೂಂ ಅನ್ನಿ. ಇನಿಷಿಯಲ್ ಮುಂದೆ ಇದೆಯೋ ಹಿಂದೆ ಇದೆಯೋ, ನಡುವೆ ಚುಕ್ಕಿ ಇದೆಯೋ ಇಲ್ಲವೋ ಎಂಬುದನ್ನೂ ನೋಡಿ.

ಆಮೇಲೆ ಅಂಕ. ಎಸ್ಸೆಸ್ಸೆಲ್ಸಿ 625ಕ್ಕೆ, ಪಿಯುಸಿ 600ಕ್ಕೆ. ಸಿಇಟಿಯ ರೂಢಿಯಿಂದ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕವನ್ನಷ್ಟೇ ಕೂಡಿಸಿ ಶೇಕಡಾವಾರು ಹಾಕುವವರಿದ್ದಾರೆ. ಕ್ಯಾಟ್ ಅರ್ಜಿಯಲ್ಲಿ ಅಂಕಪಟ್ಟಿಯಲ್ಲಿರುವ ಎಲ್ಲ ವಿಷಯಗಳೂ ಸೇರಬೇಕು, ಭಾಷೆಗಳೂ ಸೇರಿ. ಮೂರು ವಿಷಯದಲ್ಲಿ 288 ಬಂದು ಶೇ. 96 ಆಗಿದ್ದರೂ, ಒಟ್ಟು 540 ಇದ್ದರೆ ಹಾಕಬೇಕಾದ್ದು ಶೇ. 90.

ಪದವಿಯ ಸಿಜಿಪಿಎ, ಅಂದರೆ 10ಕ್ಕೆ ಎಷ್ಟು ಎಂದು ಕೊಡುವ ಗ್ರೇಡ್ ಸರಾಸರಿ, ಇನ್ನೂ ದೊಡ್ಡ ಗುಂಡಿ. ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯುವಿನ ಹಲವು ಸ್ಕೀಮ್‌ಗಳಲ್ಲಿ, ಅಂದರೆ ಆಯಾ ವರ್ಷದ ಪಠ್ಯಕ್ರಮಗಳಲ್ಲಿ, ಶೇಕಡಾವಾರು ತೆಗೆಯುವ ಸೂತ್ರ ಹೀಗೆ: ಸಿಜಿಪಿಎಯಿಂದ 0.75 ಕಳೆದು 10ರಿಂದ ಗುಣಿಸುವುದು. 7.80 ಇದ್ದವರಿಗೆ ಇದರಲ್ಲಿ ಬರುವುದು ಶೇ. 70.5. ಸುಮ್ಮನೆ 10ರಿಂದ ಗುಣಿಸಿ 78 ಎಂದು ತುಂಬಿದರೆ, ಸಂದರ್ಶನದ ದಿನ ದಾಖಲೆ ನೋಡುವಾಗ ಏಳೂವರೆ ಅಂಕದ ಸುಳ್ಳು ಹೇಳಿದಂತಾಗುತ್ತದೆ. ಅಷ್ಟಕ್ಕೇ ಆಯ್ಕೆ ರದ್ದಾಗಬಹುದು. ಎಲ್ಲ ಸ್ಕೀಮ್‌ಗೂ ಒಂದೇ ಸೂತ್ರವಲ್ಲ, ಸ್ವಾಯತ್ತ ಕಾಲೇಜುಗಳ ಲೆಕ್ಕ ಬೇರೆ ಇರಬಹುದು. ಅದಕ್ಕೇ ನಿಮ್ಮ ಸ್ಕೀಮ್‌ನ ಸೂತ್ರ ಯಾವುದೆಂದು ಕಾಲೇಜಿನಿಂದ ಸಹಿ, ಮೊಹರು ಇರುವ ಒಂದು ಕಾಗದವನ್ನು ಈಗಲೇ ತೆಗೆದುಕೊಳ್ಳಿ. ಪರೀಕ್ಷಾ ವಿಭಾಗದವರಿಗೆ ಸೆಮಿಸ್ಟರ್ ಮುಗಿಯುವ ಹೊತ್ತಿನಲ್ಲಿ ತಲೆ ಎತ್ತಲೂ ಪುರುಸೊತ್ತಿರುವುದಿಲ್ಲ, ಹಾಗಾಗಿ ಜೂನ್‌ನಲ್ಲೇ ಕೇಳಿ. ನಿಮ್ಮ ಕಾಲೇಜು ನಡುವೆ ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಹೋಗಿದ್ದರೆ, ಅರ್ಜಿಯಲ್ಲಿ ಆರಿಸಬೇಕಾದ್ದು ನಿಮ್ಮ ಪದವಿ ಅಂಕಪಟ್ಟಿಯ ಮೇಲೆ ಅಚ್ಚಾಗಿರುವ ವಿಶ್ವವಿದ್ಯಾಲಯವನ್ನೇ.

ಜಾತಿ, ಆದಾಯ, ಪಹಣಿ

ಅತಿ ಹೆಚ್ಚು ಎಡವುವ ಜಾಗ ಇದು, ನಿಧಾನವಾಗಿ ಓದಿ. ಐಐಎಂಗಳು ಕೇಂದ್ರ ಸರ್ಕಾರದ ಸಂಸ್ಥೆಗಳು. ನಮ್ಮ ರಾಜ್ಯದ ಪ್ರವರ್ಗ 1, 2ಎ, 2ಬಿ, 3ಎ, 3ಬಿ ಎಂಬ ವಿಂಗಡಣೆ ಅಲ್ಲಿ ಲೆಕ್ಕಕ್ಕಿಲ್ಲ. ಅಲ್ಲಿ ನೋಡುವುದು ಕರ್ನಾಟಕಕ್ಕೆಂದೇ ಇರುವ ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿಯನ್ನು. ರಾಜ್ಯದಲ್ಲಿ ಮೀಸಲಾತಿ ಇದೆ ಎಂದ ಮಾತ್ರಕ್ಕೆ ಕೇಂದ್ರದ ಪಟ್ಟಿಯಲ್ಲಿ ಜಾತಿ ಇದೆ ಎಂದಲ್ಲ. ಒಂದೇ ಸಮುದಾಯದ ಒಂದು ಉಪಜಾತಿ ಇದ್ದು ಇನ್ನೊಂದು ಇಲ್ಲದಿರುವುದೂ ಉಂಟು. ರಾಷ್ಟ್ರೀಯ ಹಿಂದುಳಿದ ವರ್ಗಗಳ ಆಯೋಗದ ಜಾಲತಾಣದಲ್ಲಿ ಪಟ್ಟಿ ಇದೆ. ನಿಮ್ಮ ಜಾತಿ ಪ್ರಮಾಣಪತ್ರದಲ್ಲಿರುವ ಹೆಸರು ಅಲ್ಲಿ ಇದ್ದಂತೆಯೇ ಇದೆಯೇ ಎಂದು ಹೋಲಿಸಿ ನೋಡಿ.

ಪಟ್ಟಿಯಲ್ಲಿ ಇದ್ದರೆ ಮುಂದಿನ ಪ್ರಶ್ನೆ ಕೆನೆಪದರದ್ದು, ಅಂದರೆ ಅನುಕೂಲಸ್ಥರೆಂದು ಮೀಸಲಾತಿಯಿಂದ ಹೊರಗಿಡುವವರದ್ದು. ವರ್ಷಕ್ಕೆ 8 ಲಕ್ಷ ರೂಪಾಯಿ ಎಂಬ ಮಿತಿ ಎಲ್ಲರಿಗೂ ಗೊತ್ತು. ಅದರಲ್ಲಿ ಸಂಬಳ ಮತ್ತು ಕೃಷಿ ಜಮೀನಿನ ಆದಾಯವನ್ನು ಕೂಡಿಸುವುದಿಲ್ಲ ಎಂಬುದೂ ಹಲವರಿಗೆ ಗೊತ್ತು. ಗೊತ್ತಿಲ್ಲದ್ದು ಏನೆಂದರೆ ಕಾಫಿ ತೋಟವನ್ನು ಈ ನಿಯಮ ಸಾಮಾನ್ಯ ಕೃಷಿ ಜಮೀನಿನಂತೆ ನೋಡುವುದಿಲ್ಲ. 1993ರ ಕೇಂದ್ರದ ಆದೇಶದ ಅನುಬಂಧದಲ್ಲಿ ಕಾಫಿ, ಟೀ, ರಬ್ಬರ್ ತೋಟಗಳಿಗೆ ಆದಾಯದ ಮಿತಿಯೇ ಅನ್ವಯ ಎಂದಿದೆ. ಮಾವು, ನಿಂಬೆ ಜಾತಿಯ ತೋಪುಗಳನ್ನು ಮಾತ್ರ ಕೃಷಿ ಜಮೀನಿನಂತೆ ಪರಿಗಣಿಸುತ್ತಾರೆ. ಅಂದರೆ ಅರಸೀಕೆರೆಯ ರಾಗಿ ಹೊಲದವರ ಲೆಕ್ಕ ಒಂದು, ಆಲ್ದೂರಿನ ಕಾಫಿ ತೋಟದವರ ಲೆಕ್ಕ ಇನ್ನೊಂದು. ‘ಕೃಷಿ ಆದಾಯ ಅಲ್ವಾ, ಹಿಡಿಯಲ್ಲ ಬಿಡಿ’ ಎಂದು ಯಾರಾದರೂ ಸಮಾಧಾನ ಹೇಳಿದರೆ ನಂಬಿ ಕೂರಬೇಡಿ. ಕಾಫಿಗೆ ಬೆಲೆ ಬಂದ ವರ್ಷಗಳಲ್ಲಿ ಸಣ್ಣ ತೋಟದವರೂ ಈ ಗೆರೆಯ ಹತ್ತಿರ ಬರುತ್ತಾರೆ.

ಕೇಂದ್ರದ ಪಟ್ಟಿಯಲ್ಲಿ ಇಲ್ಲದವರು ಆರ್ಥಿಕವಾಗಿ ಹಿಂದುಳಿದವರ ಶೇ. 10ರ ಕೋಟಾ, ಅಂದರೆ ಇಡಬ್ಲ್ಯುಎಸ್ ಕೇಳಬಹುದು. ರಾಜ್ಯದ ಪಟ್ಟಿಯಲ್ಲಿ ಹೆಸರಿದ್ದರೂ ಕೇಂದ್ರದ ಪಟ್ಟಿಯಲ್ಲಿ ಇಲ್ಲದಿದ್ದರೆ ಕೇಂದ್ರದ ಸಂಸ್ಥೆಗಳಿಗೆ ಅವಕಾಶವಿದೆ. ಇಲ್ಲಿ ಕೃಷಿಯೂ ಸೇರಿ ಎಲ್ಲ ಮೂಲಗಳಿಂದ ಕುಟುಂಬದ ಆದಾಯ 8 ಲಕ್ಷಕ್ಕಿಂತ ಕಡಿಮೆ ಇರಬೇಕು. ಜೊತೆಗೆ ಆದಾಯ ಎಷ್ಟೇ ಕಡಿಮೆ ಇರಲಿ, ಕುಟುಂಬಕ್ಕೆ 5 ಎಕರೆ ಅಥವಾ ಹೆಚ್ಚು ಕೃಷಿ ಜಮೀನಿದ್ದರೆ ಅರ್ಹತೆ ಇಲ್ಲ. ಪಟ್ಟಣದಲ್ಲಿ ಸೈಟು, 1,000 ಚದರಡಿ ಮೇಲ್ಪಟ್ಟ ಫ್ಲ್ಯಾಟ್ ಇದ್ದರೂ ತೊಡಕು. ತಾತನ ಹೆಸರಿನಲ್ಲೇ ಪಹಣಿ ಉಳಿದು, ಪೌತಿ ಖಾತೆ ಆಗದೆ, ಅಪ್ಪ, ಚಿಕ್ಕಪ್ಪ, ಅತ್ತೆಯರ ಪಾಲು ಕಾಗದದಲ್ಲಿ ಬೇರೆಯಾಗದ ಮನೆಗಳು ಎರಡೂ ಜಿಲ್ಲೆಯಲ್ಲಿ ಹೇರಳ. ನಿಮ್ಮ ಮನೆಯ ಪಾಲು 3 ಎಕರೆಯೇ ಆದರೂ ಪಹಣಿ 11 ಎಕರೆ ತೋರಿಸುತ್ತಿದ್ದರೆ ಗ್ರಾಮ ಆಡಳಿತ ಅಧಿಕಾರಿ ವರದಿ ಬರೆಯುವಾಗ ಪ್ರಶ್ನೆ ಏಳುತ್ತದೆ. ವಂಶವೃಕ್ಷ, ಪಹಣಿ, ವಿಭಾಗಪತ್ರ ಇದ್ದರೆ ಅದು, ಎಲ್ಲ ಹಿಡಿದು ಜೂನ್‌ನಲ್ಲೇ ನಾಡಕಚೇರಿಗೆ ಹೋಗಿ.

ಇಡಬ್ಲ್ಯುಎಸ್ ಪತ್ರ ಆಯಾ ಹಣಕಾಸು ವರ್ಷಕ್ಕೆ ಸಂಬಂಧಿಸಿದ್ದು. ಏಪ್ರಿಲ್‌ಗೆ ಮೊದಲು ಮಾಡಿಸಿಟ್ಟದ್ದು ಹಳತಾಗುತ್ತದೆ. ಹಿಂದುಳಿದ ವರ್ಗದ ಪತ್ರವೂ ಕೇಂದ್ರ ಸರ್ಕಾರದ ಬಳಕೆಗೆ ಎಂಬ ನಮೂನೆಯಲ್ಲೇ ಇರಬೇಕು. ಕೌಂಟರ್‌ನಲ್ಲಿ ಬರೀ ‘ಕ್ಯಾಸ್ಟ್ ಇನ್‌ಕಮ್’ ಎಂದರೆ ಸಿಇಟಿಗೆ, ವಿದ್ಯಾರ್ಥಿವೇತನಕ್ಕೆ ಕೊಡುವ ರಾಜ್ಯದ ನಮೂನೆಯೇ ಕೈಗೆ ಬರುತ್ತದೆ. ಕ್ಯಾಟ್ ಜಾಲತಾಣದಲ್ಲಿರುವ ನಮೂನೆಯನ್ನು ಅಚ್ಚು ತೆಗೆದುಕೊಂಡು ಹೋಗಿ ತೋರಿಸಿ. ಅರ್ಜಿ ಮುಚ್ಚಿದ ಮೇಲೆ ವರ್ಗ ಬದಲಿಸಲು ಆಗುವುದಿಲ್ಲ. ಸಾಮಾನ್ಯ ವರ್ಗ ಎಂದು ತುಂಬಿದವರು ಆ ವರ್ಷಕ್ಕೆ ಸಾಮಾನ್ಯ ವರ್ಗವೇ.

ಅರ್ಜಿ ತುಂಬುವ ದಿನ

ಒಂದು ದಿನ ಪೂರ್ತಿ ಬಿಡುವು ಮಾಡಿಕೊಂಡು, ಕಂಪ್ಯೂಟರ್ ಮುಂದೆ ಕೂತು ತುಂಬಿ. ಮನೆಯಲ್ಲಿ ನೆಟ್ ನೆಚ್ಚುವಂತಿಲ್ಲದಿದ್ದರೆ ಹಾಸನಕ್ಕೋ ಚಿಕ್ಕಮಗಳೂರಿಗೋ ಬಂದು ಸೈಬರ್ ಸೆಂಟರ್‌ನಲ್ಲಿ ಕೂರಿ, ಆದರೆ ಕೀಲಿಮಣೆ ನಿಮ್ಮ ಕೈಯಲ್ಲಿರಲಿ. ಸೆಂಟರ್‌ನವರಿಗೆ ಬಿಟ್ಟರೆ ಬೇಗ ಆಗಲೆಂದು ಅವರದೇ ಇ-ಮೇಲ್, ಅವರದೇ ಮೊಬೈಲ್ ನಂಬರ್ ಹಾಕಿಬಿಡುತ್ತಾರೆ. ಸಂದರ್ಶನದ ಕರೆ ಬರುವುದು ಆ ಇ-ಮೇಲ್‌ಗೆ. ಜನವರಿಯಲ್ಲಿ ಸೆಂಟರ್‌ನವರು ನೂರಾರು ಮೇಲ್‌ಗಳ ನಡುವೆ ನಿಮ್ಮದನ್ನು ಹುಡುಕಿಕೊಡುತ್ತಾರೆಯೇ? ನಿಮ್ಮ ಹೆಸರಿನದೇ ಒಂದು ಹೊಸ ಇ-ಮೇಲ್ ತೆರೆಯಿರಿ. ಮೊಬೈಲ್ ನಂಬರ್ ಮುಂದಿನ ಒಂದು ವರ್ಷ ಬದಲಾಗದ್ದೇ ಇರಲಿ.

ಫೋಟೊ ಬಿಳಿ ಹಿನ್ನೆಲೆಯದು, ಆರು ತಿಂಗಳೊಳಗೆ ತೆಗೆದದ್ದು. ಸ್ಟುಡಿಯೋದಲ್ಲಿ ಮುಖ ನುಣುಪು ಮಾಡಿಕೊಟ್ಟರೆ ಬೇಡ ಎನ್ನಿ. ಸಹಿ ಬಿಳಿ ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ ಹಾಕಿ, ಸ್ಕ್ಯಾನ್ ಮಾಡಿಸಿ. ಎರಡನ್ನೂ ಅರ್ಜಿಯಲ್ಲಿ ಹೇಳಿದ ಕೆಬಿ ಮಿತಿಯೊಳಗೆ ತಂದು ಮೊದಲೇ ಇಟ್ಟುಕೊಳ್ಳಿ. ಜೊತೆಗೆ ಎಸ್ಸೆಸ್ಸೆಲ್ಸಿಯಿಂದ ಈಚಿನ ಎಲ್ಲ ಅಂಕಪಟ್ಟಿ, ವರ್ಗದ ಪ್ರಮಾಣಪತ್ರ, ಕೆಲಸದಲ್ಲಿದ್ದರೆ ಸೇರಿದ ದಿನಾಂಕದ ಪತ್ರ ಪಕ್ಕದಲ್ಲಿರಲಿ.

ಅನುಭವದ ಅಂಕಣದಲ್ಲಿ ಜನ ಉದಾರಿಗಳಾಗುತ್ತಾರೆ. ಲೆಕ್ಕಕ್ಕೆ ಬರುವುದು ಪದವಿ ಮುಗಿದ ಮೇಲಿನ ಪೂರ್ಣಾವಧಿ, ಸಂಬಳದ ಕೆಲಸ. ಓದುವಾಗ ಮಾಡಿದ ಇಂಟರ್ನ್‌ಶಿಪ್ ಇದರಲ್ಲಿ ಸೇರದು. ತೋಟ ನೋಡಿಕೊಂಡದ್ದು, ಅಪ್ಪನ ಅಂಗಡಿಯಲ್ಲಿ ಕೂತದ್ದು ನಿಜವಾದ ಕೆಲಸವೇ ಹೌದು, ಆದರೆ ಸಂಬಳದ ದಾಖಲೆ, ತೆರಿಗೆ ವಿವರ ಇಲ್ಲದೆ ತಿಂಗಳ ಲೆಕ್ಕದಲ್ಲಿ ತುಂಬಿದರೆ ಸಾಬೀತು ಮಾಡಲಾಗದು. ಅದನ್ನು ಸಂದರ್ಶನಕ್ಕೆ ಉಳಿಸಿಕೊಳ್ಳಿ. ಅಲ್ಲಿ ಅದರ ಬೆಲೆಯೇ ಬೇರೆ.

ಯಾವ ಯಾವ ಐಐಎಂ, ಯಾವ ಕೋರ್ಸ್ ಎಂದು ಗುರುತು ಹಾಕುವ ಪುಟದಲ್ಲಿ ಜಿಪುಣತನ ಬೇಡ. ಎಷ್ಟು ಐಐಎಂ ಆರಿಸಿದರೂ ಶುಲ್ಕ ಒಂದೇ. 2025ರಲ್ಲಿ ಅದು 2,600 ರೂಪಾಯಿ. ಪರಿಶಿಷ್ಟರಿಗೆ, ಅಂಗವಿಕಲರಿಗೆ 1,300. ಹಣ ಖಾತೆಯಿಂದ ಹೋಗಿ ಅರ್ಜಿಯಲ್ಲಿ ತೋರಿಸದಿದ್ದರೆ ಗಾಬರಿಯಿಂದ ತಕ್ಷಣ ಮತ್ತೆ ಕಟ್ಟಬೇಡಿ. ಒಂದು ದಿನ ಕಾದು, ಲಾಗಿನ್ ಆಗಿ ನೋಡಿ. ಕೊನೆಯ ದಿನಕ್ಕೆ ಮೊದಲೇ ತುಂಬಿ ಎನ್ನುವುದು ಈ ಒಂದು ದಿನದ ಸಲುವಾಗಿಯೇ. ಅರ್ಜಿ ಮುಚ್ಚಿದ ಮೇಲೆ ತಿದ್ದುಪಡಿಗೆ ಸಣ್ಣ ಕಿಟಕಿಯೊಂದು ತೆರೆಯುತ್ತದೆ. ಅದರಲ್ಲಿ ಫೋಟೊ, ಸಹಿ, ಪರೀಕ್ಷಾ ನಗರ ಇಷ್ಟೇ ಬದಲಾಗುವುದು. ಅಂಕ, ಹೆಸರು ಅಲ್ಲ.

ಪರೀಕ್ಷೆ ಮತ್ತು ಹಿಂದಿನ ರಾತ್ರಿ

ನವೆಂಬರ್ ಕೊನೆಯ ಭಾನುವಾರ, 120 ನಿಮಿಷ, ಮೂರು ಭಾಗ, ಪ್ರತಿ ಭಾಗಕ್ಕೆ 40 ನಿಮಿಷ. ಒಂದು ಭಾಗದ ಹೊತ್ತು ಮುಗಿಯದೆ ಮುಂದಿನದಕ್ಕೆ ಹೋಗುವಂತಿಲ್ಲ, ಮುಗಿದ ಮೇಲೆ ಹಿಂದಕ್ಕೆ ಬರುವಂತಿಲ್ಲ. 2024ರಲ್ಲಿ 68 ಪ್ರಶ್ನೆಗಳಿದ್ದವು: ಇಂಗ್ಲಿಷ್ ಓದು 24, ದತ್ತಾಂಶ ಮತ್ತು ತರ್ಕ 22, ಗಣಿತ 22. ಸರಿ ಉತ್ತರಕ್ಕೆ 3, ಆಯ್ಕೆಯ ಪ್ರಶ್ನೆಯಲ್ಲಿ ತಪ್ಪಿದರೆ 1 ಕಡಿತ. ಉತ್ತರವನ್ನು ನೀವೇ ಟೈಪ್ ಮಾಡಬೇಕಾದ ಪ್ರಶ್ನೆಗಳಿಗೆ ಕಡಿತವಿಲ್ಲ, ಅವನ್ನು ಖಾಲಿ ಬಿಡಬೇಡಿ.

ಗಣಿತ ಹತ್ತನೇ ತರಗತಿಯ ಮಟ್ಟದ್ದೇ. ಶೇಕಡಾವಾರು, ಅನುಪಾತ, ವೇಗ, ಸಮೀಕರಣ, ತ್ರಿಕೋನ. ತಿರುವು ಮಾತ್ರ ಜಾಸ್ತಿ. ಕನ್ನಡ ಮಾಧ್ಯಮದಿಂದ ಬಂದವರಿಗೆ ಕಷ್ಟವಾಗುವುದು ಇಂಗ್ಲಿಷ್ ಓದು, ಅದಕ್ಕೆ ಶಬ್ದಪಟ್ಟಿ ಬಾಯಿಪಾಠ ಮಾಡುವುದು ಮದ್ದಲ್ಲ. ಪ್ರಬಂಧದಂಥ 500 ಪದಗಳ ಬರಹವನ್ನು ದಿನಕ್ಕೆ ಎರಡು ಓದಿ, ಪ್ರತಿಯೊಂದರ ವಾದವನ್ನು ಎರಡು ಸಾಲು ಕನ್ನಡದಲ್ಲಿ ಬರೆದಿಡಿ. ಎರಡು ಸಾಲಿಗೆ ಇಳಿಯದಿದ್ದರೆ ಅರ್ಥವಾಗಿಲ್ಲ ಎಂದೇ ಲೆಕ್ಕ. ಎಂಟು ತಿಂಗಳು ಬಿಡದೆ ಮಾಡಿದರೆ ಸಾಕು.

ಹೆಚ್ಚು ಪ್ರಶ್ನೆ ಬಿಡಿಸಿದಷ್ಟೂ ಲಾಭ ಎನ್ನುವುದು ಸಿಇಟಿಯ ಅಭ್ಯಾಸ. ಅದನ್ನು ಇಲ್ಲಿಗೆ ತರಬೇಡಿ. 99 ಪರ್ಸೆಂಟೈಲ್‌ಗೆ, ಅಂದರೆ ಬರೆದವರಲ್ಲಿ ಶೇ. 99 ಮಂದಿಗಿಂತ ಮುಂದಿರಲು, ಒಟ್ಟು ಅಂಕದ ಅರ್ಧದ ಆಸುಪಾಸು ಬಂದರೂ ಸಾಕಾಗುವ ಪರೀಕ್ಷೆ ಇದು. ಬಿಡುವ ಪ್ರಶ್ನೆ ಯಾವುದೆಂದು ಗುರುತಿಸುವುದೇ ಅರ್ಧ ವಿದ್ಯೆ.

ಊರಿನ ವಿಷಯಕ್ಕೆ ಬರೋಣ. ಪರೀಕ್ಷಾ ನಗರಗಳಿಗೆ ಐದು ಆಯ್ಕೆ ಕೊಡಬಹುದು. ಪಟ್ಟಿಯಲ್ಲಿ ಆ ವರ್ಷ ನಿಮ್ಮ ಜಿಲ್ಲೆಗೆ ಅತಿ ಹತ್ತಿರದ್ದು ಯಾವುದಿದೆ ನೋಡಿ ಮೊದಲು ಹಾಕಿ. ಮೈಸೂರು, ಮಂಗಳೂರು, ಬೆಂಗಳೂರು ಆಮೇಲೆ ಬರಲಿ. ಸರದಿ ಮೂರು: ಬೆಳಿಗ್ಗೆ 8:30, ಮಧ್ಯಾಹ್ನ 12:30, ಸಂಜೆ 4:30. ಯಾವ ಸರದಿ ಎಂದು ಆರಿಸುವ ಹಕ್ಕು ನಿಮಗಿಲ್ಲ. ಬೆಳಗಿನ ಸರದಿ ಬಂದರೆ ಗೇಟು 8:15ಕ್ಕೆ ಮುಚ್ಚುತ್ತದೆ. ಹಾಸನದಿಂದ ಮೈಸೂರಿಗೆ 120 ಕಿ.ಮೀ. ಹತ್ತಿರ, ಬೆಂಗಳೂರಿಗೆ 185ರ ಸುಮಾರು. ಚಿಕ್ಕಮಗಳೂರಿನಿಂದ ಹಾಸನವೇ 60. ನಸುಕಿನ ಬಸ್ಸನ್ನು ನಂಬಬೇಡಿ, ಹಿಂದಿನ ದಿನವೇ ಹೋಗಿ ಉಳಿದುಕೊಳ್ಳಿ. ಮಂಗಳೂರು ಬಂದರೆ ಶಿರಾಡಿಯೋ ಚಾರ್ಮಾಡಿಯೋ ಇಳಿಯಬೇಕು. ಘಾಟಿಯಲ್ಲಿ ಒಂದು ಲಾರಿ ಅಡ್ಡ ನಿಂತರೆ ಎರಡು ತಾಸು ಹೋಯಿತು. ಅರೇಬಿಕಾ ಕೊಯ್ಲು ಅದೇ ತಿಂಗಳು ಶುರುವಾಗುವುದರಿಂದ ಮನೆಯ ಜೀಪು ಸಿಗುತ್ತದೆ ಎಂದೂ ಲೆಕ್ಕ ಹಾಕಬೇಡಿ.

ಪರ್ಸೆಂಟೈಲ್ ಬಂದ ಮೇಲೆ

ಫಲಿತಾಂಶ ಸಾಮಾನ್ಯವಾಗಿ ಡಿಸೆಂಬರ್ ಕೊನೆಯ ಹೊತ್ತಿಗೆ. ಕ್ಯಾಟ್ 2024ಕ್ಕೆ ಕುಳಿತವರು 2.93 ಲಕ್ಷ. 99 ಪರ್ಸೆಂಟೈಲ್ ಎಂದರೆ ನಿಮ್ಮ ಮುಂದೆ ಸುಮಾರು 2,900 ಜನ ಇದ್ದಾರೆ ಎಂದರ್ಥ, ಶೇ. 99 ಅಂಕ ಎಂದಲ್ಲ. ಒಟ್ಟು ಚೆನ್ನಾಗಿದ್ದರೂ ಮೂರು ಭಾಗಗಳಿಗೂ ಬೇರೆ ಬೇರೆ ಕನಿಷ್ಠ ಮಿತಿ ಇರುತ್ತದೆ. ಗಣಿತದಲ್ಲಿ 99, ಇಂಗ್ಲಿಷ್‌ನಲ್ಲಿ 60 ಬಂದವರಿಗೆ ಹಳೆಯ ಐಐಎಂಗಳ ಕರೆ ಬರುವುದಿಲ್ಲ.

ಕರೆ ಕೊಡುವ ಲೆಕ್ಕದಲ್ಲಿ ಪ್ರತಿ ಐಐಎಂ ತನ್ನದೇ ತೂಕ ಇಟ್ಟುಕೊಂಡಿದೆ. 1973ರಲ್ಲಿ ಶುರುವಾದ ಬೆಂಗಳೂರು ಐಐಎಂ ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿ ಅಂಕಗಳನ್ನೂ ಕೆಲಸದ ಅನುಭವವನ್ನೂ ತೂಗುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಶೇ. 70 ಇದ್ದವರು ಬೆಂಗಳೂರೊಂದನ್ನೇ ನೆಚ್ಚಿ ಕೂರುವುದು ದಡ್ಡತನ. ಆಯ್ಕೆಯ ಕ್ರಮವನ್ನು ಪ್ರತಿ ಐಐಎಂ ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಒಂದು ಹಾಳೆಯ ಮೇಲೆ ನಿಮ್ಮ ಅಂಕಗಳನ್ನು ಅವರವರ ಸೂತ್ರಕ್ಕೆ ಹಾಕಿ ನೋಡಿದರೆ ಎಲ್ಲಿ ಆಸೆ ಇಡಬಹುದು ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಹೊಸ ಐಐಎಂಗಳಲ್ಲಿ ಹಲವು ಸೇರಿ ಒಂದೇ ಸಾಮಾನ್ಯ ಸಂದರ್ಶನ ನಡೆಸುತ್ತವೆ. ಅದಕ್ಕೆ ಕರೆ ಬಂದ ಮೇಲೆ ಮತ್ತೆ ನೋಂದಾಯಿಸಬೇಕು, ಕೊಡುವ ಅವಧಿ ಕಡಿಮೆ. ಜನವರಿಯಲ್ಲಿ ದಿನಕ್ಕೆ ಎರಡು ಸಲ ಇ-ಮೇಲ್ ನೋಡಿ, ಸ್ಪ್ಯಾಮ್ ಕೂಡ.

‘ಯಾಕೆ ಎಂಬಿಎ?’

ಕೆಲವು ಐಐಎಂಗಳು ಕರೆಯ ಜೊತೆ ಕಳಿಸುವ ಫಾರ್ಮ್‌ನಲ್ಲಿ, ಐಎಸ್‌ಬಿ ಮತ್ತು ವಿದೇಶಿ ಶಾಲೆಗಳು ಅರ್ಜಿಯಲ್ಲೇ, ಎಲ್ಲ ಸಂದರ್ಶಕರು ಬಾಯಿಮಾತಿನಲ್ಲಿ ಇದನ್ನು ಕೇಳುತ್ತಾರೆ. ಬರೆಯುವುದು ಇಂಗ್ಲಿಷಿನಲ್ಲಿ. ಯೋಚಿಸುವುದು ಕನ್ನಡದಲ್ಲೇ ಆಗಲಿ, ಇಲ್ಲದಿದ್ದರೆ ಎರವಲು ಮಾತು ನುಗ್ಗುತ್ತದೆ. ಹೀಗೆ:

‘ಕಾಫಿ ನಾಡಿನಲ್ಲಿ ಹುಟ್ಟಿದ ನನಗೆ ಬಾಲ್ಯದಿಂದಲೂ ನಾಯಕತ್ವದ ಗುಣವಿದೆ. ವಿಶ್ವದರ್ಜೆಯ ಶಿಕ್ಷಣ ಪಡೆದು ಕಾಫಿ ಉದ್ಯಮದಲ್ಲಿ ಬದಲಾವಣೆ ತರುವುದು ನನ್ನ ಗುರಿ.’

ಇದರಲ್ಲಿ ಬರೆದವರು ಕಾಣುವುದಿಲ್ಲ. ಯಾವ ಹೆಸರು ಹಾಕಿದರೂ ನಡೆಯುತ್ತದೆ. ಅದೇ ಹುಡುಗ ಹೀಗೆ ಬರೆದರೆ:

‘ನಮ್ಮ 4 ಎಕರೆ ತೋಟದ ರೋಬಸ್ಟಾ ಚೆರ್ರಿಯನ್ನು ಊರಿನ ವ್ಯಾಪಾರಿಗೆ ಕೊಡುತ್ತಿದ್ದೆವು. 50 ಕೆ.ಜಿ. ಚೀಲಕ್ಕೆ 25 ಕೆ.ಜಿ. ಬೀಜ ಎಂದು ಅವರು ಲೆಕ್ಕ ಹಿಡಿಯುತ್ತಿದ್ದರು. ನಾನು ಸ್ಯಾಂಪಲ್ ಒಯ್ದು ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ನೋಡಿಸಿದಾಗ ಔಟ್‌ಟರ್ನ್, ಅಂದರೆ ಚೀಲಕ್ಕೆ ಸಿಗುವ ಬೀಜ, 26.5 ಕೆ.ಜಿ. ಬಂತು. 80 ಚೀಲಕ್ಕೆ 120 ಕೆ.ಜಿ. ವ್ಯತ್ಯಾಸ. ಮರುವರ್ಷ ಪಕ್ಕದ ಆರು ಮನೆಯವರ ಚೆರ್ರಿಯನ್ನು ಸೇರಿಸಿ ನೇರ ಕೊಟ್ಟೆವು. ಸಾಗಣೆ ಖರ್ಚು ಹಂಚುವುದರಲ್ಲಿ ಜಗಳವಾಗಿ ಇಬ್ಬರು ಬಿಟ್ಟುಹೋದರು. ಆ ಲೆಕ್ಕವನ್ನು ಮೊದಲೇ ಹೇಗೆ ಕಟ್ಟಬೇಕಿತ್ತು ಎಂಬುದು ನನಗೆ ಇನ್ನೂ ಗೊತ್ತಿಲ್ಲ.’

ಇದಕ್ಕೆ ಸಂದರ್ಶಕರು ಹತ್ತು ಪ್ರಶ್ನೆ ಕೇಳುತ್ತಾರೆ, ಹತ್ತಕ್ಕೂ ಬರೆದವರ ಬಳಿ ಉತ್ತರವಿರುತ್ತದೆ. ಕೊನೆಯ ಎರಡು ಸಾಲಿನ ಸೋಲನ್ನು ಅಳಿಸಬೇಡಿ. ಎಂಬಿಎ ಏಕೆ ಬೇಕು ಎಂಬುದು ಅಲ್ಲೇ ಇದೆ. ತೋಟವೇ ಇರಬೇಕೆಂದಿಲ್ಲ. ಕಾಲೇಜು ಹಬ್ಬದ ಹಣದ ಲೆಕ್ಕ, ಸಂಘದ ಹಾಲಿನ ಡೇರಿ, ಅಮ್ಮನ ಹೊಲಿಗೆ ಅಂಗಡಿ, ಯಾವುದಾದರೂ ಸರಿ. ಅಂಕಿ ಇರಲಿ, ನೀವು ಮಾಡಿದ್ದು ಏನೆಂಬುದಿರಲಿ, ಕೆಟ್ಟದ್ದು ಏನೆಂಬುದೂ ಇರಲಿ. ಮಾಡದ್ದನ್ನು ಮಾತ್ರ ಬರೆಯಬೇಡಿ, ಮೂರನೆಯ ಪ್ರಶ್ನೆಗೇ ಬಣ್ಣ ಬಯಲಾಗುತ್ತದೆ.

ಐಎಸ್‌ಬಿ, ವಿದೇಶದ ಕಡೆ ಹೋಗುವವರಿಗೆ ಒಂದೆರಡು ಮಾತು. ಈಗಿನ ಜಿಮ್ಯಾಟ್ ಎರಡೂಕಾಲು ಗಂಟೆಯದು, ಅಂಕ 205ರಿಂದ 805ರವರೆಗೆ, 5 ವರ್ಷ ಚಾಲ್ತಿ. ಶಿಫಾರಸು ಪತ್ರವನ್ನು ಬರೆಯುವವರೇ ನೇರವಾಗಿ ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ‘ನೀನೇ ಬರೆದು ತಾ, ಸಹಿ ಹಾಕ್ತೀನಿ’ ಎನ್ನುವ ದೊಡ್ಡ ಹುದ್ದೆಯವರಿಗಿಂತ ನಿಮ್ಮ ಕೆಲಸವನ್ನು ದಿನಾ ನೋಡಿದ ಟೀಮ್ ಲೀಡರ್ ವಾಸಿ. ಆರು ವಾರ ಮೊದಲೇ ಕೇಳಿ, ನೀವು ಅವರ ಕೈಕೆಳಗೆ ಮಾಡಿದ ಮೂರು ಕೆಲಸಗಳನ್ನು ನೆನಪಿಸುವ ಒಂದು ಪುಟ ಕೊಡಿ. ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್, ಅಂದರೆ ಅಂಕಗಳ ಅಧಿಕೃತ ದಾಖಲೆ, ಬರಲು ವಾರಗಳು ಹಿಡಿಯುತ್ತವೆ. ವಿದೇಶದ ಮೊದಲ ಸುತ್ತು ಸೆಪ್ಟೆಂಬರ್ ಸುಮಾರಿಗೆ, ಎರಡನೆಯದು ಜನವರಿಯ ಆಜುಬಾಜು. ಮೂರನೆಯದಕ್ಕೆ ಹಾಕಿದರೆ ಸೀಟೂ ವಿದ್ಯಾರ್ಥಿವೇತನವೂ ವೀಸಾಕ್ಕೆ ಸಮಯವೂ ಕಡಿಮೆ.

ಸಂದರ್ಶನ: ಊರು ಗೊತ್ತಿರಲಿ

ಮೊದಲು 20–30 ನಿಮಿಷದ ಬರವಣಿಗೆ ಇರಬಹುದು. 250 ಪದಗಳಲ್ಲಿ ಒಂದು ನಿಲುವು, ಎರಡು ಕಾರಣ, ಒಂದು ಎದುರುವಾದ ಸಾಕು. ಆಮೇಲೆ ಇಬ್ಬರೋ ಮೂವರೋ ಎದುರು 15–25 ನಿಮಿಷ. ಪದವಿಯ ವಿಷಯದಲ್ಲಿ ಎರಡು ಪತ್ರಿಕೆಗಳನ್ನಾದರೂ ತಳದಿಂದ ಓದಿಕೊಂಡಿರಬೇಕು. ಅದಲ್ಲದೆ ಖಚಿತವಾಗಿ ಬರುವ ಪ್ರಶ್ನೆಗಳು ಊರಿನವು, ಅವಕ್ಕೇ ತಯಾರಾಗದೆ ಬರುವವರು ಹೆಚ್ಚು.

‘ಚಿಕ್ಕಮಗಳೂರಾ? ಕಾಫಿ ಬೆಲೆ ಯಾರು ನಿರ್ಧರಿಸುತ್ತಾರೆ?’ ಕಾಫಿ ಬೋರ್ಡ್ ಎಂದರೆ 30 ವರ್ಷ ಹಿಂದಿನ ಉತ್ತರ. ಬೆಳೆದದ್ದನ್ನು ಬೋರ್ಡ್‌ಗೇ ಕೊಟ್ಟು ಅದೇ ಮಾರುತ್ತಿದ್ದ ಪೂಲ್ ಪದ್ಧತಿ 1990ರ ದಶಕದಲ್ಲೇ ಹೋಯಿತು. ಈಗ ಅರೇಬಿಕಾಕ್ಕೆ ನ್ಯೂಯಾರ್ಕ್, ರೋಬಸ್ಟಾಕ್ಕೆ ಲಂಡನ್ ಮಾರುಕಟ್ಟೆಯ ದರ ದಿಕ್ಕು ತೋರಿಸುತ್ತದೆ. ಅಷ್ಟು ಹೇಳಿದರೆ ‘ಹಾಗಾದರೆ ಬ್ರೆಜಿಲ್‌ನಲ್ಲಿ ಬರ ಬಂದರೆ ನಿಮ್ಮೂರಲ್ಲಿ ಏನಾಗುತ್ತದೆ?’ ಎಂದು ಬರುತ್ತದೆ. ಆಮೇಲೆ ‘ಬೆಲೆ ಏರಿದಾಗ ಯಾಕೆ ಎಲ್ಲರೂ ಗಿಡ ಹಾಕುವುದಿಲ್ಲ?’ ಗಿಡ ಫಲಕ್ಕೆ ಬರಲು ಮೂರು, ನಾಲ್ಕು ವರ್ಷ ಬೇಕು, ಕಾರ್ಮಿಕರು ಸಿಗುವುದಿಲ್ಲ, ಹೂಮಳೆ ಸಕಾಲಕ್ಕೆ ಬಾರದಿದ್ದರೆ ಫಸಲಿಲ್ಲ: ಇವೆಲ್ಲ ನಿಮಗೆ ಗೊತ್ತಿರುವುದೇ, ಆದರೆ ಇದು ‘ಉತ್ತರ’ ಎಂದು ಹೊಳೆದಿರುವುದಿಲ್ಲ. ‘ಬಾಬಾಬುಡನ್‌ಗಿರಿ ಅರೇಬಿಕಾ’, ‘ಚಿಕ್ಕಮಗಳೂರು ಅರೇಬಿಕಾ’ ಎರಡಕ್ಕೂ 2019ರಲ್ಲಿ ಭೌಗೋಳಿಕ ಸೂಚಿ, ಅಂದರೆ ಇಂಥ ಊರಿನದೇ ಬೆಳೆ ಎಂಬ ಜಿಐ ಗುರುತು ಸಿಕ್ಕಿದೆ. ಅದರಿಂದ ಬೆಳೆಗಾರನಿಗೆ ನಿಜವಾಗಿ ಏನಾದರೂ ಹೆಚ್ಚು ಸಿಕ್ಕಿತೇ ಎಂದು ಕೊಯ್ಲಿನ ಹೊತ್ತಿನಲ್ಲಿ ನಾಲ್ಕು ಜನರನ್ನು ಕೇಳಿಟ್ಟುಕೊಳ್ಳಿ.

ಹಾಸನದವರಿಗೆ ಆಲೂಗಡ್ಡೆ. ಬಿತ್ತನೆ ಗಡ್ಡೆ ಪಂಜಾಬಿನ ಜಲಂಧರ್‌ನಿಂದ ಯಾಕೆ ಬರುತ್ತದೆ, ಅಂಗಮಾರಿ ರೋಗ ಬಂದ ಮೇಲೆ ರೈತರು ಮುಸುಕಿನ ಜೋಳ, ಶುಂಠಿಯ ಕಡೆ ಯಾಕೆ ಹೊರಳಿದರು ಎಂಬುದು ಒಂದು ಪೂರ್ತಿ ಮ್ಯಾನೇಜ್‌ಮೆಂಟ್ ಪಾಠವೇ. ಬೇಲೂರು, ಹಳೇಬೀಡು 2023ರಲ್ಲಿ ಸೋಮನಾಥಪುರದ ಜೊತೆ ಯುನೆಸ್ಕೊ ಪಟ್ಟಿಗೆ ಸೇರಿದವು. ಬೇಲೂರಿಗೆ ಬರುವ ಪ್ರವಾಸಿ ರಾತ್ರಿ ಉಳಿಯದೆ ಹೋದರೆ ಊರಿಗೆ ಸಿಗುವುದೇನು? ಇಂಥದಕ್ಕೆ ಸರಿ ಉತ್ತರ ಒಂದೇ ಇಲ್ಲ. ಅಂಕಿ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ಲೆಕ್ಕ ಕಟ್ಟುವ ದಾರಿ ಹೇಳಿ. ಊಹೆಯ ಅಂಕಿ ಬಿಟ್ಟರೆ ಹಿಡಿದು ಜಗ್ಗುತ್ತಾರೆ.

ಮೂಲ ಅಂಕಪಟ್ಟಿಗಳು, ಎರಡೆರಡು ದೃಢೀಕೃತ ಪ್ರತಿ, ಸಿಜಿಪಿಎ ಸೂತ್ರದ ಪತ್ರ, ವರ್ಗದ ಮೂಲ ಪತ್ರ ಒಂದೇ ಫೈಲ್‌ನಲ್ಲಿ ಅರ್ಜಿಯ ಅನುಕ್ರಮದಲ್ಲಿರಲಿ. ಆನ್‌ಲೈನ್ ಸಂದರ್ಶನವಾದರೆ ಪಟ್ಟಣದಲ್ಲಿ ಯುಪಿಎಸ್ ಇರುವ ಕೋಣೆಯೊಂದನ್ನು ಗೊತ್ತು ಮಾಡಿಕೊಂಡು, ಬೇರೆ ಕಂಪನಿಯ ಸಿಮ್‌ನ ಹಾಟ್‌ಸ್ಪಾಟ್ ಸಿದ್ಧವಿಡಿ.

ಹಣ ಮತ್ತು ಸೇರುವುದು

ದೊಡ್ಡ ಐಐಎಂಗಳ ಎರಡು ವರ್ಷದ ಶುಲ್ಕ 20 ಲಕ್ಷ ದಾಟಿದೆ. ತೋಟ ಅಡವಿಡಬೇಕೇ ಎಂಬುದು ಮನೆಯವರ ಮೊದಲ ಪ್ರಶ್ನೆ. ಬೇಕಿಲ್ಲ. ಹೆಸರಾಂತ ಐಐಎಂಗಳಿಗೆ ಬ್ಯಾಂಕುಗಳು ಜಾಮೀನು ಆಸ್ತಿ ಇಲ್ಲದೆಯೇ ಸಾಲ ಕೊಡುತ್ತವೆ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಕುಟುಂಬದ ಆದಾಯ 8 ಲಕ್ಷದವರೆಗೆ ಇದ್ದವರಿಗೆ 10 ಲಕ್ಷದವರೆಗಿನ ಸಾಲದ ಮೇಲೆ ಓದುವ ಅವಧಿಯಲ್ಲಿ ಶೇ. 3 ಬಡ್ಡಿ ರಿಯಾಯಿತಿಯೂ ಇದೆ. ತೊಡಕಾಗುವುದು ಬೇರೆ ಕಡೆ: ಸಹ-ಸಾಲಗಾರರಾಗುವ ಅಪ್ಪನ ಹಳೆಯ ಬೆಳೆಸಾಲ ಸುಸ್ತಿಯಾಗಿದ್ದರೆ, ಅಥವಾ ಒಂದಾವರ್ತಿ ತೀರುವಳಿಯಲ್ಲಿ ಮುಗಿಸಿದ್ದರೆ, ಬ್ಯಾಂಕುಗಳು ನೋಡುವ ಸಾಲದ ಚರಿತ್ರೆಯಾದ ಸಿಬಿಲ್‌ನಲ್ಲಿ ಅದು ಕೂತಿರುತ್ತದೆ. ಫೆಬ್ರವರಿಯಲ್ಲೇ ವರದಿ ತೆಗೆಸಿ ನೋಡಿ. ಕಟ್ಟಿ ಮುಗಿಸಿದ ಸಾಲ ಬಾಕಿ ಎಂದು ತೋರಿಸುತ್ತಿದ್ದರೆ ಬ್ಯಾಂಕಿನಿಂದ ತೀರುವಳಿ ಪತ್ರ ತಂದು ತಿದ್ದಿಸಿ, ಇಲ್ಲವೇ ಸಹ-ಸಾಲಗಾರರಾಗಿ ಅಮ್ಮನ ಹೆಸರು ಕೊಡಿ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳು ಐಐಎಂ ಶುಲ್ಕ ಭರಿಸುವ ಕೇಂದ್ರದ ಉನ್ನತ ಶ್ರೇಣಿ ವಿದ್ಯಾರ್ಥಿವೇತನವನ್ನು ಪ್ರವೇಶ ಕಚೇರಿಯಲ್ಲಿ ಸೇರಿದ ದಿನವೇ ಕೇಳಬೇಕು.

ಸೀಟು ಸಿಕ್ಕ ಸುದ್ದಿ ಏಪ್ರಿಲ್, ಮೇಯಲ್ಲಿ. ಒಪ್ಪಿಗೆಯ ಶುಲ್ಕಕ್ಕೆ ಕೊಡುವ ಗಡುವು ಒಂದೆರಡು ವಾರ ಮಾತ್ರ, ಬ್ಯಾಂಕ್ ಸಾಲ ಅಷ್ಟರೊಳಗೆ ಬಾರದು. ಅಷ್ಟು ಹಣ ಕೈಯಲ್ಲಿರುವಂತೆ, ಫೆಬ್ರವರಿ, ಮಾರ್ಚ್‌ನ ರೋಬಸ್ಟಾ ಮಾರಿದ ದುಡ್ಡನ್ನು ಪೂರ್ತಿ ಗೊಬ್ಬರಕ್ಕೆ ಹಾಕಬೇಡಿ ಎಂದು ಮನೆಯಲ್ಲಿ ಮೊದಲೇ ಹೇಳಿಟ್ಟಿರಿ. ಕಾಯುವ ಪಟ್ಟಿ ಜೂನ್‌ವರೆಗೂ ಸರಿಯುತ್ತಿರುತ್ತದೆ. ಸಿಕ್ಕ ಸೀಟಿಗೆ ಹಣ ಕಟ್ಟಿ ಇಟ್ಟುಕೊಂಡೇ ಮೇಲಿನದಕ್ಕೆ ಕಾಯಿರಿ, ಆದರೆ ಬಿಟ್ಟರೆ ಎಷ್ಟು ಹಣ ವಾಪಸ್, ಯಾವ ದಿನಾಂಕದೊಳಗೆ ಎಂಬುದನ್ನು ಆ ಪತ್ರದಲ್ಲೇ ಓದಿ ಗೋಡೆಗೆ ಬರೆದು ಹಚ್ಚಿ. ಕೊನೆಯ ಸೆಮಿಸ್ಟರ್‌ನವರಿಗೆ ಸಿಗುವುದು ತಾತ್ಕಾಲಿಕ ಪ್ರವೇಶ. ಎಲ್ಲ ಪರೀಕ್ಷೆ ಮುಗಿದಿದೆ ಎಂದು ಪ್ರಾಂಶುಪಾಲರ ಪತ್ರ ಸೇರುವ ಹೊತ್ತಿಗೆ, ಪದವಿಯ ಅಂಕಪಟ್ಟಿ ಮತ್ತು ಪ್ರಮಾಣಪತ್ರ ಡಿಸೆಂಬರ್ 31ರೊಳಗೆ ಕೊಡಬೇಕು. ಹಳೆಯ ಸೆಮಿಸ್ಟರ್‌ನ ಒಂದು ಬ್ಯಾಕ್‌ಲಾಗ್ ಉಳಿದಿದ್ದರೂ ಪ್ರವೇಶ ಬಿದ್ದುಹೋಗುತ್ತದೆ. ಕ್ಯಾಟ್ ಅರ್ಜಿ ತುಂಬುವ ಆಗಸ್ಟ್‌ನಲ್ಲೇ ಅದನ್ನು ಯಾವ ಪರೀಕ್ಷೆಯಲ್ಲಿ ಮುಗಿಸುತ್ತೀರಿ ಎಂದು ಗೊತ್ತು ಮಾಡಿಕೊಳ್ಳಿ.